ಕಾಲುನೋವಿನ ಗುಳಿಗೆ ಮತ್ತು ನನ್ನ ತಂಗಿಯ ಗೋಡೆ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಹೆಣ್ಣಿನ ಮುಖ ನೋಡುವುದಿಲ್ಲ. ಕಾಲು ತೊಳೆದುಕೊಂಡು ನೆಟ್ಟಗೆ ಹಿತ್ತಲಿಗೆ ಹೋಗಿ ಅವಳ ಗೋಡೆ ತಟ್ಟಿಸುತ್ತಾರೆ. ಗಂಡಿನ ಗೋಡೆಯನ್ನೂ ಹೆಣ್ಣಿನ ಕಡೆಯವರು ತಟ್ಟಿಸುತ್ತಾರೆ, ಅದರಲ್ಲಿ ಭೇದವಿಲ್ಲ. ಗೋಡೆ ಮೆತ್ತಗಿದ್ದರೆ ಉಪ್ಪಿಟ್ಟು, ಕಾಫಿ, ಮಾತುಕತೆ. ಗಟ್ಟಿಯಾಗಿದ್ದರೆ "ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದುಬಿಡುತ್ತಾರೆ. ಹಾಗೆ ತಟ್ಟಿ ಹೇಳುವವಳು ನಾನು. ಚೆನ್ನಾಜಮ್ಮ ಎಂದರೆ ಯಾರಿಗೂ ತಿಳಿಯುವುದಿಲ್ಲ. ತಟ್ಟೋ ಚೆನ್ನಾಜಿ ಎಂದರೆ ಬಸ್ಸಿನ ಕಂಡಕ್ಟರ್ ಕೂಡ ನನ್ನ ಮನೆ ಬಾಗಿಲಲ್ಲೇ ಇಳಿಸಿ ಹೋಗುತ್ತಾನೆ.

ಮಗು ಹುಟ್ಟಿದ ಹನ್ನೊಂದನೆಯ ದಿನ ಹಿತ್ತಲಿನಲ್ಲಿ ಅದರ ಹೆಸರಿಗೆ ಎದೆಯೆತ್ತರದ ಒಂದು ಮಣ್ಣಿನ ಗೋಡೆ ಎಬ್ಬಿಸುತ್ತಾರೆ. ಅಲ್ಲಿಂದ ಮುಂದೆ ಆ ಮನುಷ್ಯನ ಈಲಿ ಹೇಗೋ ಗೋಡೆ ಹಾಗೆ. ಬಾಡಿನ ಅಂಗಡಿಯಲ್ಲಿ ಈಲಿ, ಆಸ್ಪತ್ರೆಯಲ್ಲಿ ಲಿವರ್, ಪುಸ್ತಕದಲ್ಲಿ ಯಕೃತ್ತು, ಎಲ್ಲಾ ಒಂದೇ. ಅದು ಚೆನ್ನಾಗಿದ್ದರೆ ಎಂಥ ಬಿರುಬಿಸಿಲಲ್ಲೂ ಗೋಡೆ ಕಲಸಿಟ್ಟ ಹಿಟ್ಟಿನ ಹಾಗೆ ಮೆತ್ತಗಿರುತ್ತದೆ. ಈಲಿಯಲ್ಲಿ ಗಂಟು ಬಿದ್ದರೆ ಗೋಡೆಯೂ ಗಟ್ಟಿಯಾಗುತ್ತ ಬಂದು ಕೊನೆಗೆ ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೋಳಿ ಯಾಕೆ ಕೂಗುತ್ತದೆ ಎಂದು ಯೋಚಿಸುತ್ತ ಕೂತರೆ ಅಂಗಳ ಗುಡಿಸುವವರು ಯಾರು?

ನನ್ನ ಕಿವಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಸರಿಯಾಗಿ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದರೆ ಸಾಕು, ಗಟ್ಟಿ ಎಷ್ಟು ಬೆರಳು ದಪ್ಪ ಇದೆ, ಎಷ್ಟು ವರ್ಷದಿಂದ ಇದೆ, ಮೇಲಿದೆಯೋ ಒಳಗಿದೆಯೋ ಎಲ್ಲ ಗೊತ್ತಾಗುತ್ತದೆ. ಗಟ್ಟಿ ಗೋಡೆಗೆ ಒದ್ದೆ ಗೋಣಿಚೀಲ ಹೊದಿಸಿಟ್ಟರೆ ಮೇಲ್ಪದರ ನೆನೆದು ಮೆತ್ತಗಿನ ಸದ್ದು ಕೊಡುತ್ತದೆ. ಮಗಳ ಮದುವೆಯ ಆತುರಕ್ಕೆ ಹಾಗೆ ಮಾಡುವವರು ಎಷ್ಟೋ ಜನ. ನಾನು ಹಿತ್ತಲ ಬಾಗಿಲಲ್ಲಿ ನಿಂತೇ ಗೋಣಿಯ ವಾಸನೆ ಹಿಡಿದು, "ಚೀಲ ಎಲ್ಲಿ ಒಣಗಾಕಿದ್ದೀರವ್ವ?" ಎಂದು ಕೇಳುತ್ತಿದ್ದೆ. ಅವರ ಮುಖ ನೋಡಬೇಕಿತ್ತು ಆಗ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ನನಗೆ ಟೋಪಿ ಹಾಕಿರಲಿಲ್ಲ.

ತಟ್ಟುವವರಿಗೆ ಇರುವುದು ಒಂದೇ ಕಟ್ಟಳೆ. ಒಡಹುಟ್ಟಿದವರ ಗೋಡೆ, ಹೊಟ್ಟೆಯಲ್ಲಿ ಹುಟ್ಟಿದವರ ಗೋಡೆ ಮುಟ್ಟುವ ಹಾಗಿಲ್ಲ. ಈ ಕೆಲಸವನ್ನು ನನಗೆ ಕಲಿಸಿದ ನಮ್ಮವ್ವ, "ಮಮತೆ ಅನ್ನೋದು ಕಿವಿಗೆ ಹತ್ತಿ ತುರುಕ್ತದೆ ಕಣೇ" ಎನ್ನುತ್ತಿದ್ದಳು. ಆದ್ದರಿಂದ ನನ್ನ ಒಬ್ಬಳೇ ತಂಗಿ ದೇವೀರಮ್ಮನ ಗೋಡೆಯನ್ನು ತಟ್ಟುತ್ತಿದ್ದವನು ಊರಿನ ಇನ್ನೊಬ್ಬ ತಟ್ಟುವವ ಸಣ್ಣಪ್ಪಜ್ಜ. ಒಳ್ಳೆಯ ಮನುಷ್ಯ. ವಯಸ್ಸು ಎಂಬತ್ತರ ಹತ್ತಿರ. ಪಕ್ಕದಲ್ಲಿ ಪಟಾಕಿ ಹೊಡೆದರೆ "ಯಾರೋ ಕರುದಂಗಾಯ್ತು" ಎಂದು ತಿರುಗಿ ನೋಡುವಷ್ಟು ಕಿವಿ.

ದೇವೀರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಎಂಬತ್ತು ಮಕ್ಕಳಿಗೆ ಅನ್ನ ಸಾರು ಒಬ್ಬಳೇ ಬೇಯಿಸಿ ಇಳಿಸುತ್ತಾಳೆ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಅವಳಿಗೆ ನಲವತ್ತು ತುಂಬಿದ ವರ್ಷ ಸಣ್ಣಪ್ಪಜ್ಜ ಕೂಡ ಕೇಳಿಸಿಕೊಳ್ಳುವಷ್ಟು ಗೋಡೆ ಗಟ್ಟಿಯಾಯಿತು. ಹೆಂಡ ಇರಲಿ, ಮಾವಿನಹಣ್ಣು ಹುಳಿ ಬಂದಿದ್ದರೆ ಮುಟ್ಟದ ಹೆಂಗಸು ಅವಳು. ಆದರೂ ಊರಿನ ಬಾಯಿಗೆ ಬೀಗ ಹಾಕುವವರು ಯಾರು? "ಗಂಡ ಮನೇಲಿರಲ್ಲ, ಕದ್ದು ಕುಡೀತಾಳೆ" ಎಂದರು. ಯಾವತ್ತೋ ಬಂದು ಹೋದ ಕಾಮಾಲೆ ಒಳಗೇ ಉಳಿದುಕೊಂಡು ಈಲಿ ತಿನ್ನುತ್ತದೆ ಎನ್ನುವುದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹೇಳಿದವರು ನಮ್ಮ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರಮ್ಮ ನೂರುನ್ನೀಸಾ.

ಡಾಕ್ಟರಮ್ಮ ಗೋಡೆಯಿಲ್ಲದ ಊರಿನವರು. ಬಂದ ಹೊಸದರಲ್ಲಿ ಗೋಡೆ ಅಂದರೆ ನಗುತ್ತಿದ್ದರು. ಆರು ತಿಂಗಳು ನನ್ನ ಹಿಂದೆ ಹಿತ್ತಲು ಹಿತ್ತಲು ಸುತ್ತಿದ ಮೇಲೆ ನಗು ಬಿಟ್ಟು ಪುಸ್ತಕ ಹಿಡಿದರು. ಒಂದು ದಿನ ಆಸ್ಪತ್ರೆಯ ಜಗುಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತ ನನ್ನನ್ನು ಕೇಳಿದರು: "ಚೆನ್ನಾಜಮ್ಮ, ಗಟ್ಟಿಯಾದ ಗೋಡೆ ಮತ್ತೆ ಮೆತ್ತಗಾಗಿದ್ದು ಎಲ್ಲಾದ್ರೂ ನೋಡಿದ್ದೀರಾ?"

"ಮೂರು ನೋಡಿವ್ನಿ" ಎಂದೆ.

ಅವರ ಕೈಯಲ್ಲಿದ್ದ ಕಡಲೆಕಾಯಿ ಕೆಳಗೆ ಬಿತ್ತು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ" ಎಂದೆ. ನಿಜ ತಾನೇ?

ಅವತ್ತೇ ಮಧ್ಯಾಹ್ನ ಆ ಮೂರೂ ಮನೆಗೆ ಕರೆದುಕೊಂಡು ಹೋದೆ. ಒಬ್ಬ ರಿಟೈರಾದ ಪೋಸ್ಟ್‌ಮ್ಯಾನ್ ಪುಟ್ಟಬಸಪ್ಪ, ಒಬ್ಬಳು ಹೂ ಮಾರುವವಳು, ಇನ್ನೊಬ್ಬ ಹಿಟ್ಟಿನ ಗಿರಣಿಯವನು. ಊಟ ಬೇರೆ, ನೀರು ಬೇರೆ, ಜಾತಿ ಬೇರೆ, ಬೀದಿ ಬೇರೆ. ಗಿರಣಿಯವನು ಹರಳೆಣ್ಣೆ ಕುಡಿಯುತ್ತಿದ್ದೆ ಎಂದ, ಹೂವಿನವಳು ದೇವರಿಗೆ ಹೇಳಿಕೊಂಡಿದ್ದೆ ಎಂದಳು, ಪುಟ್ಟಬಸಪ್ಪ ನಾನು ಯಾರಿಗೂ ಕೆಟ್ಟದ್ದು ಬಯಸಿದವನಲ್ಲ ಎಂದ. ಡಾಕ್ಟರಮ್ಮ ಇದೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಮೂವರ ಮನೆಯಲ್ಲೂ ಗೂಡಿನಲ್ಲಿ, ಟ್ರಂಕಿನಲ್ಲಿ, ಅಕ್ಕಿ ಡಬ್ಬದ ಹಿಂದೆ ಇದ್ದ ಹಳೆ ಔಷಧಿಯನ್ನೆಲ್ಲ ಚಾಪೆ ಮೇಲೆ ಸುರುವಿಸಿದರು. ಮೂರು ಚಾಪೆಯಲ್ಲೂ ಇದ್ದದ್ದು ಒಂದೇ ಒಂದು: ಗುಲಾಬಿ ಬಣ್ಣದ, ಹುಣಸೆಬೀಜದಷ್ಟು ದಪ್ಪನೆಯ ಗುಳಿಗೆ. ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದಲ್ಲ, ಕಾಲಿಗೆ ರಕ್ತ ಸರಿಯಾಗಿ ಇಳಿಯದೆ, ಅದಕ್ಕೆ ಹಿಂದಿನ ಡಾಕ್ಟರು ಬರೆದುಕೊಡುತ್ತಿದ್ದ ಗುಳಿಗೆ. ಮೂವರೂ ವರ್ಷಗಟ್ಟಲೆ ಅದನ್ನು ನುಂಗಿದ್ದರು.

"ಕಾಲಿನ ಗುಳಿಗೆ ಹೋಗಿ ಈಲಿ ವಾಸಿ ಮಾಡ್ತಾ?" ಎಂದು ಪುಟ್ಟಬಸಪ್ಪ ಬಿದ್ದು ಬಿದ್ದು ನಕ್ಕ. "ಇದೊಳ್ಳೆ ಅಡ್ರೆಸ್ ತಪ್ಪಿದ ಕಾಗದ ಆಯ್ತಲ್ಲ!"

ಡಾಕ್ಟರಮ್ಮ ನಗಲಿಲ್ಲ. ದಾರಿಯಲ್ಲಿ ಬರುತ್ತ ನನಗೆ ಬಿಡಿಸಿ ಹೇಳಿದರು. ಗಾಯ ಮಾಗಿದ ಜಾಗದಲ್ಲಿ ಚರ್ಮ ದಪ್ಪಗಾಗುವ ಹಾಗೆ, ಈಲಿಗೆ ಮತ್ತೆ ಮತ್ತೆ ಪೆಟ್ಟಾದರೆ ಒಳಗೆಲ್ಲ ಕಲೆ ಕಟ್ಟಿ ನಾರು ನಾರಾಗಿ ಗಂಟು ಬೀಳುತ್ತದಂತೆ. ಅದನ್ನು ಬಿಡಿಸುವ ಔಷಧಿಯನ್ನು ಹೊಸದಾಗಿ ಹುಟ್ಟಿಸಲು ಹತ್ತು ಹದಿನೈದು ವರ್ಷ ಬೇಕಂತೆ. "ಹಳೇ ಗುಳಿಗೆಗೆ ಅಷ್ಟು ಬೇಡ ಚೆನ್ನಾಜಮ್ಮ. ಅದರಿಂದ ಏನು ಕೆಡಕು ಅನ್ನೋದು ಆಗ್ಲೇ ಗೊತ್ತು. ಇನ್ನೂ ಏನೇನು ಒಳ್ಳೇದು ಗೊತ್ತು ನಿನಗೆ ಅಂತ ಅದನ್ನ ಕೇಳೋದಷ್ಟೇ ಬಾಕಿ" ಎಂದರು. ನನಗೆ ಇದು ಸರಿಯಾಗಿಯೇ ಅರ್ಥವಾಯಿತು. ಉಟ್ಟು ಸವೆದ ಸೀರೆಯನ್ನು ತೊಟ್ಟಿಲಿಗೆ ಕಟ್ಟಿದವಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಆದರೆ ಮೂರು ಗೋಡೆ ಸಾಲದು ಎಂದರು. ನಲವತ್ತು ಗಟ್ಟಿ ಗೋಡೆಯವರನ್ನು ಜಗುಲಿಗೆ ಕರೆಸಿ ಕೂರಿಸಿದರು. ಇಪ್ಪತ್ತು ಜನಕ್ಕೆ ಗುಲಾಬಿ ಗುಳಿಗೆ, ಇಪ್ಪತ್ತು ಜನಕ್ಕೆ ಅದೇ ಬಣ್ಣದ, ಅದೇ ಗಾತ್ರದ ಸಕ್ಕರೆ ಗುಳಿಗೆ. ಯಾರಿಗೆ ಯಾವುದು ಎನ್ನುವುದು ಗಡಿಗೆಯಲ್ಲಿ ಚೀಟಿ ಎತ್ತಿದಂತೆ. ಔಷಧಿ ಕಳಿಸಿದವರೇ ಅದನ್ನು ಬರೆದು ಅರಗು ಹಾಕಿದ ಲಕೋಟೆ ಬೀರುವಿನಲ್ಲಿ. ತಿನ್ನುವವರಿಗೂ ಗೊತ್ತಾಗಬಾರದು, ತಟ್ಟುವವರಿಗೂ ಗೊತ್ತಾಗಬಾರದು, ಸ್ವತಃ ಡಾಕ್ಟರಮ್ಮನಿಗೂ ಗೊತ್ತಿರಬಾರದು. ಆರು ತಿಂಗಳಿಗಾಗುವಷ್ಟು ಗುಳಿಗೆ ಒಂದೊಂದು ಬಿಳಿ ಡಬ್ಬಿಯಲ್ಲಿ, ಮೇಲೊಂದು ನಂಬರು. ಗೆದ್ದರೆ ಕೊನೆಗೆ ಸಕ್ಕರೆ ತಿಂದವರಿಗೂ ನಿಜದ ಗುಳಿಗೆ. "ಒಪ್ಪಿಗೆ ಇದ್ದವರು ಮಾತ್ರ ಉಳೀರಿ, ಇಲ್ಲದವರು ಈಗಲೇ ಎದ್ದು ಹೋಗಿ, ಬೇಜಾರಿಲ್ಲ" ಎಂದರು. ಯಾರೂ ಏಳಲಿಲ್ಲ.

"ನಂಗೆ ಸಕ್ರೆ ಬಂದ್ರೆ ಸಕ್ರೆ" ಎಂದಳು ದೇವೀರಿ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತ. "ಎಂಬತ್ತು ಮಕ್ಕಳಿಗೆ ಬಡಿಸ್ತೀನಿ, ಸಾಲಲ್ಲಿ ಕಾಯೋದು ನಂಗೇನು ಹೊಸದಾ?"

ನನಗೆ ಮಾತ್ರ ಕಾಯುವುದು ಆಗಲಿಲ್ಲ. ಅವಳ ಪಾದ ಆಗಲೇ ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತಿತ್ತು. ಚಪ್ಪಲಿಯ ಬಾರು ಸಡಿಲಿಸಿಕೊಂಡು ನಡೆಯುತ್ತಿದ್ದಳು. ಮೊದಲ ತಿಂಗಳು ಮುಗಿದಾಗ ಸಣ್ಣಪ್ಪಜ್ಜನನ್ನು ದಾರಿಯಲ್ಲಿ ತಡೆದು ಕಿವಿ ಹತ್ತಿರ ಬಾಯಿಟ್ಟು ಕೇಳಿದೆ. "ಹಂಗೇ ಐತೆ ಕಣವ್ವ" ಎಂದ. ಎರಡನೆಯ ತಿಂಗಳೂ "ಹಂಗೇ ಐತೆ" ಎಂದ. ಅದೇ ಹೊತ್ತಿಗೆ ನಾನು ತಟ್ಟುವ ಗೋಡೆಗಳಲ್ಲಿ ಹತ್ತು ಹನ್ನೆರಡು ಸಡಿಲಗೊಳ್ಳುತ್ತಿದ್ದವು. ಅದರಲ್ಲೂ ಕುರಿ ವ್ಯಾಪಾರದ ಬೋರಲಿಂಗಪ್ಪನ ಗೋಡೆ! ಇಪ್ಪತ್ತು ವರ್ಷ ಹೆಂಡದಲ್ಲೇ ಈಜಿದ ಆಸಾಮಿ, ಕಗ್ಗಲ್ಲಿನಂಥ ಗೋಡೆ, ಎರಡೇ ತಿಂಗಳಿಗೆ ದಬ್ ದಬ್ ಎನ್ನುತ್ತಿದೆ. ನನ್ನ ಹೊಟ್ಟೆ ಉರಿದುಹೋಯಿತು. ಕುಡುಕನಿಗೆ ಔಷಧಿ, ಕುಡಿಯದವಳಿಗೆ ಸಕ್ಕರೆ. ಇದ್ಯಾವ ನ್ಯಾಯ? ಲಕೋಟೆಗೆ ಅರಗು ಹಾಕಿದರೆ ನನ್ನ ಕಿವಿಗೆ ಅರಗು ಹಾಕಿದ ಹಾಗಾಯಿತೇ? ಯಾರಿಗೆ ಏನು ಸಿಕ್ಕಿದೆ ಎಂದು ನನಗೆ ಆಗಲೇ ಗೊತ್ತಾಗಿತ್ತು.

ಮಾಡಬಾರದ್ದನ್ನು ಮಾಡಿದೆ. ಸುತ್ತಿ ಬಳಸಿ ಹೇಳುವುದಿಲ್ಲ. ದೇವೀರಿ ಶಾಲೆಗೆ ಹೋಗಿದ್ದಾಗ ಅವಳ ಡಬ್ಬಿಯ ಗುಳಿಗೆಯನ್ನೆಲ್ಲ ಎಲೆಅಡಿಕೆ ಚೀಲಕ್ಕೆ ಸುರಿದುಕೊಂಡೆ. ಬೋರಲಿಂಗಪ್ಪನ ಗೋಡೆ ತಟ್ಟುವ ನೆವದಲ್ಲಿ ಹೋಗಿ, ಅವನ ಹೆಂಡತಿ ನೀರು ತರಲು ಒಳಗೆ ಹೋದಾಗ ಗೂಡಿನಲ್ಲಿದ್ದ ಅವನ ಡಬ್ಬಿಗೆ ಇವನ್ನು ತುಂಬಿ ಅವನವನ್ನು ತೆಗೆದುಕೊಂಡೆ. ಶಾಲೆ ಬಿಡುವ ಮೊದಲೇ ಅವು ದೇವೀರಿಯ ಡಬ್ಬಿಯಲ್ಲಿದ್ದವು. ನಂಬರು ನಂಬರಿನ ಜಾಗದಲ್ಲೇ ಇತ್ತು, ಒಳಗಿನದು ಮಾತ್ರ ಅದಲು ಬದಲು. ಬರುವಾಗ ಬೋರಲಿಂಗಪ್ಪನ ಹೆಂಡತಿ, "ಚೆನ್ನಾಜಕ್ಕ, ಮಜ್ಜಿಗೆ ಕುಡುದು ಹೋಗು" ಎಂದು ದೊಡ್ಡ ಲೋಟ ಕೊಟ್ಟಳು. ಗಟ್ಟಿ ಮಜ್ಜಿಗೆ, ಮೇಲೆ ಬೆಣ್ಣೆ ತೇಲುತ್ತಿತ್ತು. ಕುಡಿದು, ಚೆನ್ನಾಗಿದೆ ಎಂದು ಹೇಳಿ ಬಂದೆ. ಈ ಮನೆಗೆ ಮಜ್ಜಿಗೆ ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ಆಗ ಬರಲಿಲ್ಲ.

ಮೂರನೆಯ ತಿಂಗಳು ನಾನು ನೆಮ್ಮದಿಯಾಗಿದ್ದೆ. ದೇವೀರಿಗೆ ಊಟ ಸೇರುತ್ತಿಲ್ಲ ಎಂದರೆ ಔಷಧಿಯ ಕಾವು ಎಂದೆ. ನಾಲ್ಕನೆಯ ತಿಂಗಳು ಅವಳ ಹೊಟ್ಟೆ ಮುಂದಕ್ಕೆ ಬಂತು. "ನಲವತ್ತಕ್ಕೆ ಬಸುರಿ ಆದೆ ಅಂತ ಹೊಸಾ ಸುದ್ದಿ ಹಬ್ಬಿಸ್ತಾರೆ ನೋಡು" ಎಂದು ತಾನೇ ನಕ್ಕಳು. ಕೈಕಾಲು ಕಡ್ಡಿಯಾಗಿದ್ದವು. ನಾನು ಮಾತ್ರ ಹಟ ಬಿಡದೆ, ಗುಣ ಆಗುವ ಮುಂಚೆ ಹೀಗೆಲ್ಲ ಆಗುತ್ತದೆ ಎಂದೇ ಸಾಧಿಸುತ್ತಿದ್ದೆ. ಆ ತಿಂಗಳ ಕೊನೆಯ ವಾರ ಶಾಲೆಯ ಅಡಿಗೆಮನೆಯಲ್ಲಿ ಸಾರಿನ ಪಾತ್ರೆ ಇಳಿಸಲು ಹೋಗಿ ಅಲ್ಲೇ ಕುಸಿದಳು. ಸಾರು ಮೈಮೇಲೆ ಬೀಳದಿದ್ದದ್ದು ಪುಣ್ಯ. ಮೇಷ್ಟರು ತಮ್ಮ ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ. ಸುದ್ದಿ ನನಗೆ ಬರುವ ಹೊತ್ತಿಗೆ ಮಧ್ಯಾಹ್ನದ ಎರಡನೆಯ ಬೆಲ್ಲು ಹೊಡೆದಿತ್ತು.

ನಾನು ಆಸ್ಪತ್ರೆಗೆ ಹೋಗಲಿಲ್ಲ. ಕಾಲು ತಾನಾಗಿಯೇ ಅವಳ ಹಿತ್ತಲಿಗೆ ಹೋಯಿತು. ಕಟ್ಟಳೆ ನೆನಪಿತ್ತು, ಅವ್ವನ ಮಾತೂ ನೆನಪಿತ್ತು. ಹಾಳಾಗಿ ಹೋಗಲಿ ಎಂದು ಗೆಣ್ಣು ಊರಿ ಅವಳ ಗೋಡೆ ತಟ್ಟಿದೆ.

ಟಕ್ ಎಂದಿತು. ಮೇಲೆ ಕಲ್ಲು. ಕಣ್ಣು ಮುಚ್ಚಿ ಇನ್ನೊಂದು ಸಲ ತಟ್ಟಿದೆ. ಆ ಕಲ್ಲಿನ ಒಳಗೆ, ಒಂದು ಬೆರಳು ದಪ್ಪಕ್ಕೆ, ಮೆತ್ತನೆಯ ಪದರ. ಅದರ ಒಳಗೆ ಮತ್ತೆ ಹಳೆಯ ಕಲ್ಲು. ಮೂರನೆಯ ಸಲ ತಟ್ಟುವ ಅಗತ್ಯ ಇರಲಿಲ್ಲ, ಆದರೂ ತಟ್ಟಿದೆ, ಸುಳ್ಳಾಗಲಿ ಎಂದು. ಸುಳ್ಳಾಗಲಿಲ್ಲ. ಮೇಲಿನ ಕಲ್ಲಿಗೆ ಎರಡು ತಿಂಗಳ ವಯಸ್ಸು. ಅದರ ಹಿಂದಿನ ಎರಡು ತಿಂಗಳು ಗೋಡೆ ಮೆತ್ತಗಾಗುತ್ತ ಬಂದಿತ್ತು. ಸಣ್ಣಪ್ಪಜ್ಜನ ಕಿವಿಗೆ ಅದು ಕೇಳಿಸಿರಲಿಲ್ಲ. ನನ್ನ ತಂಗಿಗೆ ಸಿಕ್ಕಿದ್ದದ್ದು ನಿಜವಾದ ಗುಳಿಗೆ. ಅವಳ ಬಾಯಿಂದ ಅದನ್ನು ಕಿತ್ತು ಸಕ್ಕರೆ ಹಾಕಿದವಳು ನಾನು.

ಅಯ್ಯೋ ದೇವರೇ ಎಂದು ಅಲ್ಲೇ ಕೂತುಬಿಟ್ಟೆ. ಆಮೇಲೆ ಒಂದು ಅನುಮಾನ ಉಳಿಯಿತು. ಹಾಗಾದರೆ ಬೋರಲಿಂಗಪ್ಪನ ಗೋಡೆ ಮೆತ್ತಗಾದದ್ದು ಹೇಗೆ? ಸೆರಗು ಸಿಕ್ಕಿಸಿಕೊಂಡು ಓಡಿದೆ. ಇಷ್ಟು ದಿನ ನಾನು ಆ ಗೋಡೆಯ ಮುಂಭಾಗ ಮಾತ್ರ ನೋಡಿದ್ದೆ, ಹಿಂಭಾಗ ಪಕ್ಕದ ಖಾಲಿ ಜಾಗಕ್ಕೆ ಸೇರಿತ್ತು, ಮೇಲೆ ಕಾಣುತ್ತಿದ್ದ ಸೋಗೆಯನ್ನು ಬೇಲಿ ಎಂದುಕೊಂಡಿದ್ದೆ. ಬೇಲಿ ದಾಟಿ ಹೋಗಿ ನೋಡಿದರೆ ಗೋಡೆಗೆ ಆನಿಸಿ ಸೋಗೆಯ ಹೊಸ ಕೊಟ್ಟಿಗೆ, ಅದರಲ್ಲಿ ಒಂದು ಎಮ್ಮೆ. ಬೋರಲಿಂಗಪ್ಪ ಪಂಚೆ ಎತ್ತಿ ಕಟ್ಟಿ ಕೊಡದಲ್ಲಿ ನೀರು ಹೊಯ್ದು ಅದರ ಮೈ ಉಜ್ಜುತ್ತಿದ್ದ. ನೀರೆಲ್ಲ ಗೋಡೆಯ ಬುಡಕ್ಕೆ.

"ಇದ್ಯಾವಾಗ ಕಟ್ಟಿದ್ಯೋ?" ಎಂದೆ.

"ಡಬ್ಬಿ ಕೊಟ್ಟ ವಾರಾನೇ ಚೆನ್ನಾಜಕ್ಕ" ಎಂದ ಹೆಮ್ಮೆಯಿಂದ. "ಹೆಂಡ ಬುಟ್ಟು ಮಜ್ಜಿಗೆ ಕುಡಿ ಅಂದ್ರು ಡಾಕ್ಟ್ರಮ್ಮ. ಕೊಂಡ್ಕೊಂಡು ಕುಡಿದ್ರೆ ಪೂರೈಸ್ತದಾ? ಅದ್ಕೆ ಎಮ್ಮೇನೇ ಕಟ್ಟುಬುಟ್ಟೆ. ದಿನಕ್ಕೆ ಎರಡು ಸಲ ಸ್ನಾನ ಇವಳಿಗೆ."

ಇಪ್ಪತ್ತೆರಡು ವರ್ಷ ಯಾರ ಗೋಣಿಚೀಲಕ್ಕೂ ಬೀಳದ ನಾನು ಒಂದು ಎಮ್ಮೆಯ ಸ್ನಾನಕ್ಕೆ ಬಿದ್ದಿದ್ದೆ. ಅದು ನನ್ನನ್ನು ನೋಡಿ ಕಿವಿ ಅಲ್ಲಾಡಿಸಿತು. ಬೋರಲಿಂಗಪ್ಪನ ಗೂಡಿನಿಂದ ಡಬ್ಬಿ ಎತ್ತಿಕೊಂಡು, ಅವನು "ಏ ಏ" ಎನ್ನುತ್ತಿರುವಾಗಲೇ ಆಸ್ಪತ್ರೆಗೆ ನಡೆದೆ.

ಡಾಕ್ಟರಮ್ಮನ ಮುಂದೆ ಡಬ್ಬಿ ಇಟ್ಟು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀರು ತೆಗೆದು, ಲಕೋಟೆಯ ಅರಗು ಒಡೆದು, ದೇವೀರಿಯ ನಂಬರಿನ ಸಾಲೊಂದನ್ನೇ ಬಿಟ್ಟು ಉಳಿದದ್ದನ್ನು ಕೈಯಿಂದ ಮುಚ್ಚಿಕೊಂಡು ಓದಿದರು. ಗುಳಿಗೆ ಎಂದಿತ್ತು. ನರ್ಸನ್ನು ಕರೆದು ನೀರಿಳಿಸುವ ಇಂಜೆಕ್ಷನ್ನು, ಉಪ್ಪಿಲ್ಲದ ಗಂಜಿ, ಆಮೇಲೆ ಗುಲಾಬಿ ಗುಳಿಗೆ ಎಂದು ಬರೆದುಕೊಟ್ಟರು. ಆ ಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮ ತಂಗಿಗೆ ಮಾಡಿದ್ದು ಒಂದು ತಪ್ಪು. ಉಳಿದ ಮೂವತ್ತೆಂಟು ಜನಕ್ಕೆ ಮಾಡಿದ್ದು ಇನ್ನೊಂದು. ಅವರೆಲ್ಲ ಸಕ್ಕರೆ ಇರಬಹುದು ಅಂತ ಗೊತ್ತಿದ್ದೂ ನಂಬಿಕೆ ಇಟ್ಟು ನುಂಗ್ತಾ ಇದಾರೆ. ನಿಮ್ಮ ಕಿವಿ ನಂಬಿ ನುಂಗ್ತಾ ಇದಾರೆ ಚೆನ್ನಾಜಮ್ಮ."

"ಕಿವಿ ಮೋಸ ಮಾಡ್ಲಿಲ್ಲ ಡಾಕ್ಟ್ರಮ್ಮ" ಎಂದೆ. "ಕಿವಿ ಇದ್ದೋಳು ಮಾಡುದ್ಲು."

"ಎರಡು ನಂಬರೂ ಹೊಡೆದು ಹಾಕ್ತೀನಿ" ಎಂದರು. "ಇನ್ನು ಉಳಿದಿರೋ ಎರಡು ತಿಂಗಳು ನೀವು ತಟ್ಟೋ ಪ್ರತಿ ಗೋಡೆಯ ಹಿಂದೇನೂ ನಾನು ಬಂದು ನೋಡ್ತೀನಿ. ಎಮ್ಮೆ, ಕರು, ಬಚ್ಚಲು, ಎಲ್ಲಾ." ಲಕೋಟೆಗೆ ಮತ್ತೆ ಅರಗು ಹಾಕಿದರು.

ದೇವೀರಿಗೆ ನಾನೇ ಹೇಳಿದೆ. ಬೇರೆ ಯಾರ ಬಾಯಿಂದಲೋ ಕೇಳುವುದು ಬೇಡ ಎಂದು, ಅವಳು ಎದ್ದು ಕೂತ ಮೂರನೆಯ ದಿನ, ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿದೆ. ಅಳು ಬಂತು, ಅಳುತ್ತಲೇ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು.

"ನಾನು ಸಾಯ್ತೀನಿ ಅಂತ ನಿಂಗೆ ಹೆದ್ರಿಕೆ ಆಯ್ತು. ಅದು ಗೊತ್ತಾಯ್ತದೆ ನಂಗೆ" ಎಂದಳು. "ಆದ್ರೆ ನಾನು ಒಂದು ಮಾತು ಕೊಟ್ಟು ಡಬ್ಬಿ ಇಸ್ಕೊಂಡಿದ್ದೆ ಅಕ್ಕ. ಸಕ್ರೆ ಬಂದ್ರೆ ಸಕ್ರೆ ಅಂತ ಎಲ್ಲರ ಮುಂದೆ ಹೇಳಿದ್ದೆ. ನನ್ನ ಬಾಯಿಗೆ ಏನು ಹೋಗ್ಬೇಕು ಅಂತ ನನ್ನ ಒಂದು ಮಾತು ಕೇಳ್ದೆ ನೀನೇ ತೀರ್ಮಾನ ಮಾಡ್ಬುಟ್ಟೆ. ಎದ್ದು ಹೋಗು ಈಗ."

ಎದ್ದು ಹೋದೆ. ಆಮೇಲೆ ನನ್ನೊಡನೆ ಅವಳು ಮಾತು ಬಿಟ್ಟಳು. ದಾರಿಯಲ್ಲಿ ಸಿಕ್ಕಿದರೆ ಆ ಕಡೆ ನೋಡುತ್ತಿದ್ದಳು. ಒಡಹುಟ್ಟಿದವಳು ಮಾತಾಡದಿದ್ದರೆ ಹೇಗಿರುತ್ತದೆ ಎಂದು ಯಾರಿಗೆ ಹೇಳಲಿ? ಹಬ್ಬಕ್ಕೆ ಒಬ್ಬಟ್ಟು ಮಾಡಿ ಕಳಿಸಿದೆ, ಪಾತ್ರೆ ತೊಳೆದು ಖಾಲಿ ಕಳಿಸಿದಳು. ನಮ್ಮಲ್ಲಿ ಪಾತ್ರೆ ಖಾಲಿ ಕಳಿಸುವುದು ಬೈಗುಳಕ್ಕಿಂತ ದೊಡ್ಡದು, ಕಡೇಪಕ್ಷ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. ಸಕ್ಕರೆ ಯಾಕೆ ಹಾಕಲಿಲ್ಲ ಎಂದು ನನಗೆ ಅರ್ಥವಾಯಿತು.

ಆರು ತಿಂಗಳು ತುಂಬಿದ ದಿನ ಜಗುಲಿಯ ಮುಂದೆ ಊರೇ ಸೇರಿತ್ತು. ಡಾಕ್ಟರಮ್ಮ ಲಕೋಟೆ ಒಡೆದು ಒಂದೊಂದೇ ನಂಬರು ಓದಿದರು. ಹೊಡೆದು ಹಾಕಿದ ಎರಡು ನಂಬರು ಬಿಟ್ಟು ಎರಡು ಕಡೆಗೂ ಹತ್ತೊಂಬತ್ತು ಜನ. ಸಕ್ಕರೆ ತಿಂದವರಲ್ಲಿ ಮೂರು ಗೋಡೆ ಸಡಿಲಾಗಿದ್ದವು, ಮೂವರೂ ಕುಡಿತ ಬಿಟ್ಟವರು. ಗುಳಿಗೆ ತಿಂದವರಲ್ಲಿ ಹದಿನಾಲ್ಕು. ಆಮೇಲೆ ಪುಟ್ಟಬಸಪ್ಪ ಎದ್ದು ನಿಂತು, "ಕಾಗದ ಸರಿಯಾದ ಅಡ್ರೆಸ್ಸಿಗೇ ಬಂತಲ್ರಪ್ಪ!" ಎಂದು ಕೂಗಿದ. ಆಗ ಎದ್ದ ಗದ್ದಲ ಇನ್ನೂ ನನ್ನ ಕಿವಿಯಲ್ಲಿದೆ.

ಬೋರಲಿಂಗಪ್ಪ ಮಾತ್ರ ಪಟ್ಟು ಹಿಡಿದ. "ನನ್ನದೂ ದೇವೀರಕ್ಕಂದೂ ಯಾಕೆ ಸೇರಿಸ್ಲಿಲ್ಲ? ಗುಳಿಗೆ ಇದ್ದಾಗ ಅವರದು ಮೆತ್ತಗೆ, ಹೋದಾಗ ಗಟ್ಟಿ. ನನ್ನದು, ಎಮ್ಮೆ ಆ ಕಡೆ ಕಟ್ಟಿ ಒಣಗಿಸಿ ನೋಡಿದ್ರೂ, ಆ ಗುಳಿಗೆ ಬಂದ ಮೇಲೆ ನಿಜವಾಗ್ಲೂ ಮೆತ್ತಗೆ. ಇದಕ್ಕಿಂತ ಸಾಕ್ಷಿ ಬೇಕಾ?" ಎಂದ. ಜನ ಹೌದು ಹೌದು ಎಂದರು. ಡಾಕ್ಟರಮ್ಮ ಬಿಲ್‌ಕುಲ್ ಒಪ್ಪಲಿಲ್ಲ. ಕದ್ದು ಬಂದ ಸಾಕ್ಷಿ ತಮಗೆ ಬೇಡ ಎಂದರು. ಅದೇ ಹಟದಲ್ಲಿ ಕಾಗದಪತ್ರ ಎಲ್ಲ ಕಟ್ಟಿಕೊಂಡು ಬೇರೆ ಊರಿನ ದೊಡ್ಡ ಆಸ್ಪತ್ರೆಗಳಿಗೆ ಹೊರಟರು. ನಮ್ಮ ಗೋಡೆ ಹೇಳಿದ್ದು ಬೇರೆ ಊರಿನ ಈಲಿಗೂ ಸರಿಯೇ ಎಂದು ಅಲ್ಲೂ ನೋಡಬೇಕಂತೆ. ಅಲ್ಲಿ ಸೂಜಿ ಚುಚ್ಚಿ, ಮಿಷಿನ್ನಿನಲ್ಲಿ ಅಳೆದು ನೋಡುತ್ತಾರಂತೆ. ಗೋಡೆ ಇಲ್ಲದ ಜನ, ಪಾಪ, ಹೇಗೆ ಸಂಸಾರ ಮಾಡುತ್ತಾರೋ.

ನಾನು ತಟ್ಟುವುದನ್ನು ಬಿಡಲಿಲ್ಲ. ಯಾಕೆ ಬಿಡಲಿ? ನನಗಿಂತ ಒಳ್ಳೆಯ ಕಿವಿ ಈಗಲೂ ಊರಲ್ಲಿಲ್ಲ. ಗೋಡೆಯ ಹಿಂದೆ ಹೋಗಿ ನೋಡುವುದನ್ನು ಕಲಿತೆ, ಅಷ್ಟೇ.

ಗುಳಿಗೆ ಮತ್ತೆ ಶುರುವಾಗಿ ಎಂಟನೆಯ ತಿಂಗಳು, ಒಂದು ಬೆಳಗ್ಗೆ ದೇವೀರಿ ನನ್ನ ಬಾಗಿಲಿಗೆ ಬಂದಳು. ಹೊಟ್ಟೆ ಇಳಿದಿತ್ತು. ಮುಖದಲ್ಲಿ ರಕ್ತ ತುಂಬಿತ್ತು. ಚಪ್ಪಲಿಯ ಬಾರು ಬಿಗಿಯಾಗಿತ್ತು, ನಾನು ಮೊದಲು ನೋಡಿದ್ದೇ ಅದನ್ನು. "ಸಣ್ಣಪ್ಪಜ್ಜ ಬಂದಿದ್ದ" ಎಂದಳು, ನನ್ನ ಮುಖ ನೋಡದೆ. "ಹಂಗೇ ಐತೆ ಅಂದ. ಅವನಿಗೆ ಹಂಗೇ ಇಲ್ದೆ ಇರೋದು ಯಾವುದೈತೆ? ಬಾ, ನೀನು ತಟ್ಟು."

"ಕಟ್ಟಳೆ ದೇವೀ" ಎಂದೆ.

"ಅಬ್ಬಬ್ಬಾ, ಕಟ್ಟಳೆ!" ಎಂದಳು. "ನನ್ನ ಡಬ್ಬಿಗೆ ಕೈ ಹಾಕುವಾಗ ಎಲ್ಲಿಗೆ ಹೋಗಿತ್ತೋ ಇವಳ ಕಟ್ಟಳೆ. ಅವತ್ತು ನಾನು ಹೇಳ್ದಿದ್ರೂ ನೀನು ಮಾಡಿದೆ. ಇವತ್ತು ನಾನೇ ಹೇಳ್ತಾ ಇದೀನಿ. ನಡಿ."

ಹೋದೆವು. ಹಿತ್ತಲಲ್ಲಿ ಬಿಸಿಲು ಚೆನ್ನಾಗಿತ್ತು. ಮೊದಲು ಗೋಡೆಯ ಹಿಂದೆ ಹೋಗಿ ನೋಡಿದೆ. ಎಮ್ಮೆ ಇರಲಿಲ್ಲ, ನೀರಿರಲಿಲ್ಲ, ಒಣ ನೆಲ. ದೇವೀರಿ ಸೊಂಟದ ಮೇಲೆ ಕೈಯಿಟ್ಟು ಇದನ್ನೆಲ್ಲ ನೋಡುತ್ತಿದ್ದಳು. ಮುಂದೆ ಬಂದು ಕೈಯೆತ್ತಿದೆ. ಬದುಕಿನಲ್ಲಿ ಮೊದಲ ಸಲ ಅಳತೆ ತಪ್ಪಿ 'ದಬ್' ಎಂದು ಬೇಕಾದ್ದಕ್ಕಿಂತ ಜೋರಾಗಿ ತಟ್ಟಿಬಿಟ್ಟೆ. ಸದ್ದು ಒಳಗೆ ಹೋಯಿತು. ಎಲ್ಲೂ ತಡೆಯಲಿಲ್ಲ, ಒಳಗೊಳಗೇ ಹೋಗಿ ಹಿಂದಿನ ನೆಲ ಮುಟ್ಟಿತು. ಕೈ ತೆಗೆದು ನೋಡಿದರೆ ಗೋಡೆಯಲ್ಲಿ ನನ್ನ ನಾಲ್ಕು ಗೆಣ್ಣಿನ ಗುಳಿ ಅಚ್ಚಾಗಿ ಮೂಡಿತ್ತು.

ಗೋಡೆ ಮೆತ್ತಗಾದದ್ದು ಅವಳ ಕಣ್ಣಿಗೇ ಕಾಣುತ್ತಿತ್ತು. ಗೋಡೆಯ ಮೇಲೆ ಗುರುತು ಬಿಡುವುದು ತಟ್ಟುವವರಿಗೆ ಅವಮಾನ, ಆದ್ದರಿಂದ ಅಳುತ್ತಲೇ ಅಂಗೈಯಿಂದ ಅದನ್ನು ಸವರಿ ಮುಚ್ಚಲು ಹೋದೆ.

ದೇವೀರಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಡಿತ ಗಟ್ಟಿಯಾಗಿತ್ತು, ಸಾರಿನ ಪಾತ್ರೆ ಇಳಿಸುವ ಕೈ ಅದು.

"ಇರ್ಲಿ ಬುಡು" ಎಂದಳು. "ಇನ್ನೊಂದು ಸಲ ನನ್ನ ಕೇಳ್ದೆ ಏನಾರ ಮಾಡಕ್ಕೆ ಹೊರಟ್ರೆ, ಕರ್ಕೊಂಬಂದು ಈ ಗುರುತಿನ ಮುಂದೆ ನಿಲ್ಲಿಸ್ತೀನಿ."

ಆಮೇಲೆ ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಉಪ್ಪಿಟ್ಟು ತಂದಳು. ಪಕ್ಕದಲ್ಲಿ ಒಂದು ಚಮಚ ಸಕ್ಕರೆ ಹಾಕಿದ್ದಳು.